ನಡುವಿನಿಂದ ಕತ್ತರಿಸಿದ ಕೈ

"ಇನ್ನೊಂದು ಕ್ಷಣ ಈ ಮನುಷ್ಯ ಇಲ್ಲಿದ್ದರೆ ನಾನು ಪೊಲೀಸರನ್ನ ಕರೀತೀನಿ!" ಎಂದು ಕ್ಲಬ್ಬಿನ ಕಾರ್ಯದರ್ಶಿ ಕೂಗಿದರು.

"ಕರೀರಿ," ಎಂದೆ. "ಬಂದವರು ಮೊದಲು ನನಗೇ ಸೆಲ್ಯೂಟ್ ಹೊಡೀತಾರೆ."

ಯಾರೂ ನಗಲಿಲ್ಲ. ನಗಲಿ ಎಂದು ನಾನು ಹೇಳಿದ್ದೂ ಅಲ್ಲ. ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತಳಾದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡಲಾರದೆ, ಊರಿನ ಟೆನಿಸ್ ಟೂರ್ನಿಗಳಿಗೆ ರೆಫರಿಯಾಗಿ ಹೋಗುತ್ತೇನೆ. ಎಲ್ಲರಿಗೂ ನಾನು 'ಇನ್‌ಸ್ಪೆಕ್ಟ್ರಮ್ಮ'. ಸುಳ್ಳು ಹೇಳುವವರನ್ನು ನೋಡಬೇಕೆಂದರೆ ಠಾಣೆಗಿಂತ ಇದು ಒಳ್ಳೆಯ ಜಾಗ. ಗೆರೆಯ ಮೇಲೆ ಬಿದ್ದ ಚೆಂಡನ್ನು ದೇವರಾಣೆ ಔಟ್ ಎನ್ನುವ ಮಕ್ಕಳು, ಹೌದು ಹೌದು ಎನ್ನುವ ಅಪ್ಪ ಅಮ್ಮಂದಿರು. ಬಟ್ಟೆ ಮಾತ್ರ ಬೆಳ್ಳಗಿರುತ್ತದೆ.

ನನ್ನ ಮೇಜಿನ ಮೇಲೆ ಮೂರು ರ‍್ಯಾಕೆಟ್‌ಗಳು ಬಿದ್ದಿದ್ದವು. ಮೂರರದ್ದೂ ಗಟ್, ಅಂದರೆ ಬಿಗಿದು ಹೆಣೆದ ದಾರ, ಕತ್ತರಿಸಿ ಹೋಗಿತ್ತು. ನಾಲ್ಕು ಗಂಟೆಗೆ ಹುಡುಗಿಯರ ಫೈನಲ್. ಆಗಲೇ ಮೂರು ದಾಟಿತ್ತು.

ರ‍್ಯಾಕೆಟ್‌ಗಳು ಫೈನಲ್ ಆಡಬೇಕಿದ್ದ ಪುಟ್ಟಿಯವು. ಅವಳ ಅಪ್ಪ ಕೋಚ್, ಎಲ್ಲರ ಬಾಯಲ್ಲಿ 'ಮೇಷ್ಟ್ರು'. ಅವರು ಮನೆಯಲ್ಲಿ ಪುಟ್ಟಿ ಎಂದು ಕರೆದದ್ದು ಇಡೀ ಕ್ಲಬ್ಬಿಗೆ ಅಂಟಿಕೊಂಡಿತ್ತು. ಈ ಸಲದ ಟೂರ್ನಿ ಕಪ್ಪಿಗಾಗಿ ಮಾತ್ರ ಅಲ್ಲ. ಗೆದ್ದ ಹುಡುಗಿಗೆ ದೊಡ್ಡ ಅಕಾಡೆಮಿಯಲ್ಲಿ ಸೀಟು. ಅಲ್ಲೇ ಊಟ, ಅಲ್ಲೇ ಓದು, ಅಲ್ಲೇ ಆಟ. ಇರುವುದು ಒಂದೇ ಸೀಟು, ಸೋತವಳಿಗೆ ಏನೂ ಇಲ್ಲ. ಅಕಾಡೆಮಿಯ ಮುಖ್ಯಸ್ಥರು ಅದಕ್ಕಾಗಿಯೇ ಬಂದು ಮುಂದಿನ ಸಾಲಿನ ಸೋಫಾದಲ್ಲಿ ಕೂತಿದ್ದರು.

ನಾಲ್ಕಕ್ಕೆ ಕರೆದಾಗ ಪುಟ್ಟಿ ಕೋರ್ಟಿಗೆ ಇಳಿಯದಿದ್ದರೆ ಎದುರಾಳಿಗೆ ವಾಕೋವರ್, ಆಡದೆಯೇ ಗೆಲುವು. ನಿಯಮ ಹಾಗಿದೆ, ರೆಫರಿ ನಾನು.

ಕಾರ್ಯದರ್ಶಿ ಬೊಟ್ಟು ಮಾಡಿ ತೋರಿಸುತ್ತಿದ್ದದ್ದು ಗಟ್ಟಣ್ಣನನ್ನು. ರ‍್ಯಾಕೆಟ್‌ಗಳಿಗೆ ಗಟ್ ಹಾಕುವುದು ಅವನ ಕಸುಬು, ಹೆಸರೂ ಅದರಿಂದಲೇ ಬಂದದ್ದು. ಟೂರ್ನಿ ಶುರುವಾದಾಗಿನಿಂದ ನನ್ನ ಮೇಜಿನ ಪಕ್ಕದಲ್ಲೇ ವರಾಂಡದಲ್ಲಿ ಮೆಷಿನ್ ಇಟ್ಟುಕೊಂಡಿದ್ದ. ಬ್ಯಾಗುಗಳ ಕೋಣೆಯ ಬೆಂಚಿನ ಕೆಳಗೆ ಅವನ ಕಟ್ಟರ್ ಸಿಕ್ಕಿತ್ತು. ಹಿಂದಿನ ದಿನ ಮೇಷ್ಟ್ರು ಅವನನ್ನು ನಾಲ್ಕು ಜನರ ಮುಂದೆ ಬೈದಿದ್ದರು, ಗಟ್ ಸಡಿಲವಾಗಿದೆ ಎಂದು. ಕಟ್ಟರ್ ಇದೆ, ಸಿಟ್ಟಿದೆ. ಕಾರ್ಯದರ್ಶಿಗೆ ಇನ್ನೇನು ಬೇಕು? ಮೈಕಿನಲ್ಲಿ ಊರಿಗೆಲ್ಲ ಸಾರಿ, ಮೆಷಿನ್ನಿಗೆ ಬಟ್ಟೆ ಮುಚ್ಚಿ, ಅವನನ್ನು ಗೇಟಿನಾಚೆ ನಿಲ್ಲಿಸಲು ಹೊರಟಿದ್ದರು.

"ನಾನಲ್ಲಮ್ಮ," ಎಂದ ಗಟ್ಟಣ್ಣ ನನಗೆ. "ಕಟ್ಟರ್ ಊಟಕ್ಕೆ ಹೋದಾಗ ಇಲ್ಲೇ ಬಿಟ್ಟಿದ್ದೆ. ಯಾರು ಬೇಕಾದ್ರೂ ತಗೊಂಡಿರಬಹುದು."

"ಎಲ್ಲಾ ಕಳ್ಳರೂ ಹೀಗೇ ಹೇಳೋದು," ಎಂದರು ಕಾರ್ಯದರ್ಶಿ.

"ಕಳ್ಳರಲ್ಲದವರೂ ಹೀಗೇ ಹೇಳೋದು," ಎಂದೆ ನಾನು. "ಅವನನ್ನ ಗೇಟಿನ ಹತ್ತಿರ ಕೂರಿಸಿ. ಆಚೆ ಕಳಿಸಬೇಡಿ."

ಹೋಗುವಾಗ ಅವನ ಚೀಲ ಬಿಚ್ಚಿಸಿ ನೋಡಿದರು. ಒಳಗಿದ್ದದ್ದು ಊಟದ ಡಬ್ಬಿ ಮತ್ತು ಒಂದು ಟವೆಲ್. ನನಗೆ ಮೈಯೆಲ್ಲ ಉರಿಯಿತು. ಸೋಫಾದಲ್ಲಿ ಕೂತವರ ಚೀಲವನ್ನು ಯಾರಾದರೂ ಹೀಗೆ ಬಿಚ್ಚಿಸುತ್ತಾರೆಯೇ?

ರ‍್ಯಾಕೆಟ್‌ಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮಲಗಿಸಿದೆ. ಮೊದಲ ಎರಡು ಅಲ್ಲಾಡದೆ ಮಟ್ಟಸವಾಗಿ ಕೂತವು. ಮೂರನೆಯದು ಕುಂಟು ಮಣೆಯ ಹಾಗೆ ಟಕಟಕ ಎಂದಿತು, ಫ್ರೇಮ್ ಸೊಟ್ಟಗಾಗಿತ್ತು.

ನೋಡಿದ ಕೂಡಲೇ ಅರ್ಥವಾಯಿತು. ಬಿಗಿಯಾಗಿ ಎಳೆದ ಗಟ್ಟನ್ನು ಒಂದು ಬದಿಯಿಂದ ಕತ್ತರಿಸಿದರೆ ಇನ್ನೊಂದು ಬದಿಯ ಎಳೆತಕ್ಕೆ ಫ್ರೇಮ್ ತಿರುಚಿಕೊಳ್ಳುತ್ತದೆ. ಅದಕ್ಕೆ ಗೊತ್ತಿದ್ದವರು ನಟ್ಟನಡುವಿನಿಂದ ಶುರುಮಾಡಿ, ಉದ್ದ ಒಂದು, ಅಡ್ಡ ಒಂದು, ಹೀಗೆ ಅಂಚಿನ ಕಡೆಗೆ ಕತ್ತರಿಸುತ್ತಾ ಹೋಗುತ್ತಾರೆ. ನಾನು ಹಿಂದೊಮ್ಮೆ ಮನೆಯಲ್ಲಿ ಹಳೆಯ ರ‍್ಯಾಕೆಟ್ಟಿನ ಗಟ್ಟನ್ನು ಅಡುಗೆಮನೆಯ ಕತ್ತರಿಯಿಂದ ಮನಸ್ಸಿಗೆ ಬಂದಂತೆ ಕತ್ತರಿಸಿ ಅಂಗಡಿಯವನಿಂದ ಮಂಗಳಾರತಿ ಮಾಡಿಸಿಕೊಂಡಿದ್ದೆ.

ಇಲ್ಲಿ ಎರಡನ್ನು ನಡುವಿನಿಂದ ಅಂಚಿಗೆ ಕತ್ತರಿಸಿದ್ದರು. ಒಂದೆಳೆಯೂ ತಪ್ಪಿರಲಿಲ್ಲ. ಮೂರನೆಯದನ್ನು ಮಾತ್ರ ಒಂದು ಪಕ್ಕದಿಂದ ಹುಲ್ಲು ಕೊಯ್ದ ಹಾಗೆ ಕೊಯ್ದಿದ್ದರು.

"ನೋಡಿದ್ರಾ!" ಎಂದರು ಕಾರ್ಯದರ್ಶಿ, ನಾನು ವಿವರಿಸಿದ ಮೇಲೆ. "ಕಸುಬು ಗೊತ್ತಿದ್ದವನ ಕೆಲಸ. ನಾನು ಹೇಳಲಿಲ್ವಾ?"

"ಈ ಎರಡು ರ‍್ಯಾಕೆಟ್‌ಗೆ ನಿನ್ನೆ ಸಾಯಂಕಾಲ ಗಟ್ ಹಾಕಿದ್ದು ಯಾರು?"

"ಅವನೇ."

"ಅಂದ್ರೆ ನಿನ್ನೆ ಇವೆರಡೂ ಅವನ ಕೈಯಲ್ಲೇ ಇದ್ದವು. ಹಾಳು ಮಾಡಬೇಕು ಅಂತಿದ್ರೆ ಅಂಚಲ್ಲಿ ಯಾರಿಗೂ ಕಾಣದ ಹಾಗೆ ಒಂದು ಗೀರು ಎಳೆದಿದ್ರೆ ಸಾಕಾಗಿತ್ತು. ಆಟದ ಮಧ್ಯ ತಾನಾಗಿ ತುಂಡಾಗ್ತಿತ್ತು, ಯಾರೂ ಅನುಮಾನ ಪಡ್ತಿರಲಿಲ್ಲ. ಅದು ಬಿಟ್ಟು ಹಗಲು ಹೊತ್ತಲ್ಲಿ ಕೋಣೆಗೆ ನುಗ್ಗಿ, ತನ್ನ ಕಟ್ಟರ್ ಅಲ್ಲೇ ಬಿಟ್ಟು ಬರ್ತಾನಾ? ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗಾಯ್ತು."

ಕಾರ್ಯದರ್ಶಿ ಸೋಫಾದ ಕಡೆ ತಿರುಗಿದರು. ಆಮೇಲೆ, "ಮುಖ್ಯಸ್ಥರಿಗೆ ಜ್ಯೂಸ್ ಕೊಟ್ರಾ ನೋಡ್ತೀನಿ," ಎಂದು ಜಾರಿಕೊಂಡರು. ಟೂರ್ನಿ ನಡೆಸುವುದೆಂದರೆ ಅವರ ಪಾಲಿಗೆ ಸೋಫಾ, ಜ್ಯೂಸ್, ಹೊಳೆಯುವ ಕಪ್. ಮಣ್ಣಿನ ಕೋರ್ಟಿಗೆ ನೀರು ಹಾಕಿಸಿದ್ದು, ಚೆಂಡು ತರಿಸಿದ್ದು, 'ನನ್ನ ಮಗಳಿಗೆ ಬಿಸಿಲಿನ ಹೊತ್ತು ಯಾಕೆ ಕೊಟ್ರಿ' ಎಂದು ಬಂದವರ ಬಾಯಿ ಮುಚ್ಚಿಸಿದ್ದು, ಎಲ್ಲ ನಾನು. ಹೆಸರು ಮಾತ್ರ ಅವರದು ಬ್ಯಾನರಿನ ಮೇಲೆ.

ಬ್ಯಾಗುಗಳ ಕೋಣೆಯ ಕೀಲಿ ನನ್ನ ಹತ್ತಿರವೇ ಇರುತ್ತದೆ. ಊಟದ ಹೊತ್ತಿನ ನಂತರ ಅದನ್ನು ಕೇಳಿ ತೆಗೆದುಕೊಂಡವರು ಮೂವರೇ. ಮೊದಲು ಮೇಷ್ಟ್ರು, ಆಮೇಲೆ ಎದುರಾಳಿ ಹುಡುಗಿಯ ತಾಯಿ, ಕೊನೆಗೆ ಪುಟ್ಟಿ. ಗಟ್ಟಣ್ಣ ಕೇಳಿರಲಿಲ್ಲ, ಆದರೆ ಕೀಲಿಯ ಮೇಜಿನ ಪಕ್ಕದಲ್ಲೇ ಕೂರುವವನನ್ನು ಬಿಡಿಸಲು ಅದೊಂದೇ ಸಾಲದು.

ಆ ತಾಯಿಗೆ ನಾವು ಇಟ್ಟ ಹೆಸರು ಗಡಿಯಾರಮ್ಮ. ಎದುರಾಳಿ ನೀರು ಕುಡಿಯುವುದನ್ನೂ ಕೈಗಡಿಯಾರ ನೋಡಿ ಅಳೆಯುವವಳು. ನೆಟ್ಟಿನ ಪಕ್ಕದಲ್ಲಿ ನಿಂತಿದ್ದಳು, ಹೋಗಿ ಕೇಳಿದೆ.

"ನಾನ್ಯಾಕೆ ಕತ್ತರಿಸ್ಲಿ?" ಎಂದಳು. "ನನ್ನ ಮಗಳು ಆಡೇ ಗೆಲ್ತಾಳೆ. ಅಂದಹಾಗೆ ನಾಲ್ಕು ಅಂದ್ರೆ ನಾಲ್ಕೇ ತಾನೇ? ನೀವು ಅಕಸ್ಮಾತ್ ಟೈಮ್ ಮುಂದೆ ಹಾಕಿದ್ರೆ ನಾನು ಲಿಖಿತ ದೂರು ಕೊಡ್ತೀನಿ."

"ರ‍್ಯಾಕೆಟ್‌ಗೆ ಗಟ್ ಹಾಕೋದು ನೋಡಿದ್ದೀರಾ?"

"ಅದನ್ನೆಲ್ಲಾ ಡ್ರೈವರ್ ಮಾಡಿಸ್ಕೊಂಡು ಬರ್ತಾನೆ."

ಮೂರನೆಯದನ್ನು ಹುಲ್ಲು ಕೊಯ್ದ ಹಾಗೆ ಕೊಯ್ಯಲು ಈಕೆಗೆ ಮನಸ್ಸೂ ಇದೆ, ಕೈಯೂ ಇದೆ ಎನಿಸಿತು. ಆದರೆ ಮೊದಲ ಎರಡು ಈಕೆಯ ಕೆಲಸವಲ್ಲ. ಶತ್ರುವಿಗೆ ಫ್ರೇಮ್ ಉಳಿಸುವ ಹಂಗಿಲ್ಲ. ಫ್ರೇಮ್ ನಾಳೆಗೂ ಬೇಕು ಎನ್ನುವವನು ಮಾತ್ರ ಅಷ್ಟು ತಾಳ್ಮೆಯಿಂದ ಕತ್ತರಿಸಲು ಸಾಧ್ಯ.

ಮೇಷ್ಟ್ರು ಅಭ್ಯಾಸದ ಗೋಡೆಯ ಹತ್ತಿರ ಒಬ್ಬರೇ ನಿಂತಿದ್ದರು. ಪುಟ್ಟಿ ಬೆಂಚಿನ ಮೇಲೆ ಕೂತು ಶೂ ಲೇಸ್ ಬಿಚ್ಚಿ ಕಟ್ಟುತ್ತಿದ್ದಳು, ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ಗೆಳತಿಯರು ತಮ್ಮ ರ‍್ಯಾಕೆಟ್ ಕೊಡಲು ಬಂದರೂ ಬೇಡ ಎಂದಿದ್ದಳಂತೆ. ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಆ ಮಟ್ಟದ ಆಟದಲ್ಲಿ ಬೇರೆಯವರ ರ‍್ಯಾಕೆಟ್ ಹಿಡಿಯುವುದೆಂದರೆ ಬೇರೆಯವರ ಚಪ್ಪಲಿ ಮೆಟ್ಟಿ ಓಟಕ್ಕೆ ನಿಂತ ಹಾಗೆ.

"ಮೇಷ್ಟ್ರೇ, ಒಂದು ನಿಮಿಷ ಕೋಣೆಗೆ ಬನ್ನಿ."

ಬಾಗಿಲು ಹಾಕಿದೆ. ಕೋಣೆಯಲ್ಲಿ ಬೆವರಿನ ಟವೆಲ್, ರಬ್ಬರ್, ನೋವಿನ ಮುಲಾಮು, ಎಲ್ಲ ಸೇರಿದ ವಾಸನೆ. ಮೊದಲ ಎರಡು ರ‍್ಯಾಕೆಟ್‌ಗಳನ್ನು ಬೆಂಚಿನ ಮೇಲಿಟ್ಟೆ.

"ನೀವು ಮೊದಲು ಮನೆಯಲ್ಲೇ ಗಟ್ ಹಾಕ್ತಿದ್ರಿ ಅಲ್ವಾ?"

"ಹೋದ ವರ್ಷದವರೆಗೂ. ಮೆಷಿನ್ ಕೆಟ್ಟೋಯ್ತು." ಹೇಳುತ್ತಾ ಹೇಳುತ್ತಾ ಅವರ ಹೆಬ್ಬೆರಳು ಫ್ರೇಮಿನ ಅಂಚನ್ನು ಸವರುತ್ತಿತ್ತು, ಸೊಟ್ಟಗಾಗಿದೆಯೇ ಎಂದು ನೋಡುವ ಹಾಗೆ.

"ಆಗಿಲ್ಲ ಬಿಡಿ. ಎರಡೂ ನೆಟ್ಟಗಿವೆ. ಕತ್ತರಿಸಿದವನು ಬಹಳ ಜೋಪಾನ ಮಾಡಿದ್ದಾನೆ."

ಬೆರಳು ನಿಂತಿತು.

"ಗಟ್ಟಣ್ಣನಿಗೆ ಸಿಟ್ಟಿದ್ರೆ ಅವನ್ಯಾಕೆ ನಿಮ್ಮ ಫ್ರೇಮ್ ಉಳಿಸ್ಬೇಕು? ಗಡಿಯಾರಮ್ಮ ಯಾಕೆ ಉಳಿಸ್ಬೇಕು?"

ಮೇಷ್ಟ್ರು ಫ್ರೇಮಿನಿಂದ ಕೈ ತೆಗೆದರು. ಹೊರಗೆ ಯಾರೋ ಚೆಂಡಿನ ಡಬ್ಬಿ ತೆರೆದ ಸದ್ದಾಯಿತು. ನಾನು ಕಾದೆ. ಆರೋಪಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ನಾನು ಕಲಿತ ವಿದ್ಯೆಗಳಲ್ಲೆಲ್ಲ ಕಷ್ಟದ್ದು.

"ಫ್ರೇಮ್ ಏನು ತಪ್ಪು ಮಾಡಿತ್ತು ಪಾಪ," ಎಂದರು ಕೊನೆಗೆ.

"ಮಗಳು ಮಾಡಿದ್ದಳಾ?"

"ಅವಳನ್ನ ಮಧ್ಯ ತರಬೇಡಿ!"

"ಮಧ್ಯ ತಂದಿದ್ದು ನಾನಾ, ನೀವಾ?"

ಅವರು ಬೆಂಚಿನ ಮೇಲೆ ಕೂತರು. ಆಮೇಲೆ ಮಾತು ತಡೆಯಿಲ್ಲದೆ ಬಂತು. ನಿನ್ನೆ ಸೆಮಿಫೈನಲ್ ಮುಗಿದ ಮೇಲೆ ಅಕಾಡೆಮಿಯ ಮುಖ್ಯಸ್ಥರು ಇವರ ಹೆಗಲ ಮೇಲೆ ಕೈಹಾಕಿ ಮಾತಾಡಿಸಿದ್ದರಂತೆ. ಇವರು ಹುಡುಗಿಯ ಅಪ್ಪ ಎಂದು ಗೊತ್ತಿತ್ತು, ಕೋಚೂ ಇವರೇ ಎಂದು ಗೊತ್ತಿರಲಿಲ್ಲ.

"ಏನಂದ ಗೊತ್ತಾ ಆ ಮನುಷ್ಯ? ಹುಡುಗಿ ಚೆನ್ನಾಗಿದ್ದಾಳೆ, ಆದ್ರೆ ಬ್ಯಾಕ್‌ಹ್ಯಾಂಡ್ ಹೊಡೆತ ಮೊದಲಿಂದ ಕಲಿಸ್ಬೇಕು, ಯಾರೋ ಹಾಳು ಮಾಡಿಬಿಟ್ಟಿದ್ದಾರೆ ಅಂದ. ಯಾರೋ! ನಾನು ನಗ್ತಾ ತಲೆ ಆಡಿಸಿದೆ ಇನ್‌ಸ್ಪೆಕ್ಟ್ರಮ್ಮ. ತಲೆ ಆಡಿಸಿದೆ! ಮಳೆ ಬರಲಿ, ಜ್ವರ ಬರಲಿ, ಒಂದು ಬೆಳಿಗ್ಗೆ ಬಿಟ್ಟವನಲ್ಲ ನಾನು. ಇದ್ದ ಕೆಲಸ ಬಿಟ್ಟೆ. ಅವಳ ಅಮ್ಮ ಬೇಸತ್ತು ತವರಿಗೆ ಹೋದ್ಲು. ಈಗ ಗೆದ್ದರೆ ಅವಳನ್ನ ಕರ್ಕೊಂಡು ಹೋಗಿ ನನ್ನನ್ನ ಅವಳ ಮೈಯಿಂದ ತೊಳೆದು ತೆಗೀತಾರೆ. ಅಲ್ಲಿ ಹಳೇ ಕೋಚ್‌ಗಳಿಗೆ ಪ್ರವೇಶ ಇಲ್ವಂತೆ."

"ಅದಕ್ಕೆ ಕತ್ತರಿಸಿದ್ರಾ?"

"ಎರಡೇ. ಮೂರನೇದು ಬಿಟ್ಟೆ. ಅದರ ಗಟ್ ಹಳೇದು, ಜೀವ ಇಲ್ಲ. ಆಡಬಹುದು, ಗೆಲ್ಲೋಕಾಗಲ್ಲ. ಮರ್ಯಾದೆಯಾಗಿ ಸೋತು ಮನೆಗೆ ಬರ್ತಾಳೆ ಅಂದ್ಕೊಂಡೆ."

"ಮೂರನೇದನ್ನ ಯಾರು ಕೊಯ್ದ್ರು?"

"ನನಗೇನು ಗೊತ್ತು? ನಾನು ಅದನ್ನ ಹಾಗೆ ಕತ್ತರಿಸ್ತೀನಾ? ಕೈ ಬಿದ್ದು ಹೋಗುತ್ತೆ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಫ್ರೇಮಿಗೆ ಮರುಗುವ ಮನುಷ್ಯ, ಮಗಳಿಗೆ ಮರುಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮಕ್ಕಳನ್ನು ಹೊಡೆದ ಅಪ್ಪಂದಿರನ್ನು ನಾನು ಲಾಕಪ್ಪಿಗೆ ಹಾಕಿದ್ದೇನೆ. ಈತನನ್ನು ಯಾವ ಕಲಮಿನ ಕೆಳಗೆ ಹಾಕಲಿ? ಅಸಹ್ಯವಾಯಿತು. ಅದರ ಜೊತೆಗೆ ಅಯ್ಯೋ ಎಂದೂ ಅನಿಸಿತು, ಅದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

"ನಾನು ಮೈಕಲ್ಲಿ ಹೇಳೋಕೆ ಮುಂಚೆ ನೀವೇ ಹೋಗಿ ಮಗಳಿಗೆ ಹೇಳಿ."

ಮೇಷ್ಟ್ರು ತಲೆಯೆತ್ತಿದರು. ಕಣ್ಣು ಒಣಗಿತ್ತು. "ಏನು ಹೇಳ್ಲಿ? ಇಲ್ಲಿ ನಾವಿಬ್ಬರೇ ಇದ್ದದ್ದು. ನಾನು ಏನೂ ಹೇಳೇ ಇಲ್ಲ ಅಂತೀನಿ. ನೀವೀಗ ಪೊಲೀಸ್ ಅಲ್ಲ ಇನ್‌ಸ್ಪೆಕ್ಟ್ರಮ್ಮ, ಹಾಗಂತ ಕರೆಯೋದಷ್ಟೇ."

ಬಾಗಿಲು ತೆಗೆದು ಹೊರಗೆ ಬಂದೆ. ಈತನ ಜೊತೆ ಜಗಳವಾಡಲು ಈಗ ಪುರುಸೊತ್ತಿರಲಿಲ್ಲ. ಒಂದು ರ‍್ಯಾಕೆಟ್‌ಗಾದರೂ ಗಟ್ ಬಿದ್ದರೆ ಹುಡುಗಿ ಆಡಬಹುದು. ಅಲ್ಲಿದ್ದವರಲ್ಲಿ ಗಟ್ ಹಾಕಬಲ್ಲವರು ಇಬ್ಬರೇ. ಒಬ್ಬರ ಕೈಯನ್ನು ಈಗಷ್ಟೇ ನೋಡಿ ಬಂದಿದ್ದೆ. ಇನ್ನೊಬ್ಬನ ಕಡೆಗೆ ಗೇಟಿಗೆ ನಡೆದೆ.

ಗಟ್ಟಣ್ಣ ಕಲ್ಲಿನ ಮೇಲೆ ಕೂತಿದ್ದ. ಬರುವವರು ಹೋಗುವವರು ಅವನನ್ನು ನೋಡಿ ತಮ್ಮ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

"ಬಾ. ನೀನಲ್ಲ ಅಂತ ನನಗೆ ಗೊತ್ತಾಯ್ತು. ಒಂದು ರ‍್ಯಾಕೆಟ್‌ಗೆ ಬೇಗ ಗಟ್ ಹಾಕ್ಬೇಕು."

"ನಿಮಗೆ ಗೊತ್ತಾದ್ರೆ ಸಾಕಾ ಅಮ್ಮಾ?" ಎಂದ. ಆದರೂ ಎದ್ದು ಬಂದ. ಕೆಲಸವೆಂದರೆ ಎದ್ದು ಬರುವ ಜಾತಿ ಅದು. ಕಾರ್ಯದರ್ಶಿ ಅಡ್ಡ ಬಂದರು. ಫೈನಲ್ ನಡೆಯದಿದ್ದರೆ ಮುಖ್ಯಸ್ಥರಿಗೆ ಏನು ತೋರಿಸುತ್ತೀರಿ ಎಂದು ಕೇಳಿದ ಮೇಲೆ ಅವರೇ ಮೆಷಿನ್ನಿನ ಬಟ್ಟೆ ಸರಿಸಿದರು.

ಗಟ್ಟಣ್ಣ ಫ್ರೇಮನ್ನು ಮೆಷಿನ್ನಿಗೆ ಬಿಗಿದು ಉದ್ದದ ಎಳೆಗಳನ್ನು ಹಾಕತೊಡಗಿದ. ಸರಕ್ ಎಂದು ಎಳೆ ತೂರುತ್ತಿತ್ತು, ಕಿರ್ರೆಂದು ಬಿಗಿಯುತ್ತಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಉದ್ದ ಮುಗಿದು ಅಡ್ಡ ಎಳೆಗಳು ಅರ್ಧಕ್ಕೆ ಬಂದಾಗ ಪುಟ್ಟಿ ಬಂದು ನನ್ನ ಪಕ್ಕ ನಿಂತಳು.

"ಆಂಟೀ, ಬೇಡ. ನಾನು ಆಡಲ್ಲ."

"ಯಾಕೆ?"

ಅವಳು ಮೆಷಿನ್ನಿನ ಕಡೆ ನೋಡಿದಳು. ನಾನು ಸೊಟ್ಟಗಾದ ರ‍್ಯಾಕೆಟ್ಟನ್ನು ಅವಳ ಮುಂದೆ ಸರಿಸಿದೆ. "ಕೀಲಿ ಕೊನೆಗೆ ತಗೊಂಡವಳು ನೀನು. ಇದು ನೀನೇ ಅಲ್ವಾ?"

ಅಳಲಿಲ್ಲ ಹುಡುಗಿ. ಬೆಳಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ.

"ನೀರಿನ ಬಾಟ್ಲಿ ತಗೊಳ್ಳೋಕೆ ಹೋದೆ," ಎಂದಳು ಮೆಲ್ಲಗೆ. "ಬ್ಯಾಗ್ ತೆಗೆದ್ರೆ ಎರಡಕ್ಕೂ ಗಟ್ ಇಲ್ಲ. ನಡುವಿಂದ ಕತ್ತರಿಸಿದ್ದು. ನೋಡ್ತಿದ್ದ ಹಾಗೇ ಗೊತ್ತಾಯ್ತು ಯಾರ ಕೈ ಅಂತ. ನನಗೂ ಅವರೇ ಹಾಗೆ ಹೇಳಿಕೊಟ್ಟಿದ್ದು. ಬೇರೆಯವರು ನೋಡಿದ್ರೆ ಅವರಿಗೂ ಗೊತ್ತಾಗಿಬಿಡುತ್ತೆ ಅನ್ನಿಸ್ತು. ಕಟ್ಟರ್ ಅಲ್ಲೇ ಬಿದ್ದಿತ್ತು. ಯಾರೋ ದ್ವೇಷದಿಂದ ಮಾಡಿದ ಹಾಗೆ ಕಾಣಲಿ ಅಂತ ಮೂರನೇದನ್ನ ಹೇಗೆ ಬೇಕೋ ಹಾಗೆ ಕೊಯ್ದೆ."

ಮೆಷಿನ್ನಿನ ಸದ್ದು ನಿಂತಿತ್ತು.

"ಸೀಟು ಹೋಗುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗಟ್ಟಣ್ಣನ ಮೇಲೆ ಬಂತಲ್ಲ?"

"ಬರುತ್ತೆ ಅಂತ ಗೊತ್ತಿರಲಿಲ್ಲ. ಬಂದ ಮೇಲೂ ಸುಮ್ಮನಿದ್ದೆ." ಅವಳು ಗಟ್ಟಣ್ಣನ ಕಡೆ ನೋಡಲಿಲ್ಲ. "ನೀವು ಅಪ್ಪನ ಹೆಸರು ಹೇಳಿದ್ರೆ ಮೂರೂ ನಾನೇ ಮಾಡಿದ್ದು ಅಂತೀನಿ. ಅವರಿಗೆ ಇನ್ಯಾರೂ ಇಲ್ಲ."

ಬೇಕೆಂದೇ ಪಂದ್ಯ ಕೆಡಿಸಿದ ಆಟಗಾರ್ತಿಯನ್ನು ಹೊರಗೆ ಹಾಕಬೇಕು. ಸೀಟೂ ಅದರೊಂದಿಗೆ ಹೋಗುತ್ತದೆ. ಅವಳಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಈ ವಯಸ್ಸಿಗೆ ಇಷ್ಟು ಗಟ್ಟಿ ಮನಸ್ಸು ಯಾರಿಗಾದರೂ ಯಾಕೆ ಬೇಕು?

ಗಟ್ಟಣ್ಣ ಮೆಷಿನ್ನಿನಿಂದ ಕೈ ತೆಗೆದು ಟವೆಲ್ಲಿಗೆ ಒರೆಸಿಕೊಂಡ. "ಇನ್ನು ಸ್ವಲ್ಪವೇ ಬಾಕಿ ಅಮ್ಮಾ. ಆದ್ರೆ ನಾನು ಹಾಕಲ್ಲ. ಅಪ್ಪ ಮಗಳು ಒಬ್ಬರನ್ನೊಬ್ಬರು ಕಾಪಾಡ್ಕೊಳ್ಳಲಿ, ಸಂತೋಷ. ನನ್ನನ್ನ ಕಳ್ಳ ಅಂದಿದ್ದು ಮೈಕಲ್ಲಿ. ಅಲ್ಲ ಅನ್ನೋದೂ ಮೈಕಲ್ಲೇ ಆಗಲಿ. ಯಾರು ಅಂತ ಹೇಳದೇ ಬರೀ ಅವನಲ್ಲ ಅಂದ್ರೆ ಯಾರೂ ನಂಬಲ್ಲ. ನಾಳೆಯಿಂದ ಯಾವ ಕ್ಲಬ್ಬಿನವರು ನನ್ನನ್ನ ಬಾಗಿಲೊಳಗೆ ಬಿಡ್ತಾರೆ?"

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೇಷ್ಟ್ರ ಹೆಸರು ಹೇಳಿದರೆ ಹುಡುಗಿಯ ಬಾಳು ಹೋಗುತ್ತದೆ, ಹೇಳದಿದ್ದರೆ ಇವನ ಅನ್ನ ಹೋಗುತ್ತದೆ. ಎದುರಿನಲ್ಲಿ ಜನ ಆಟ ಶುರುಮಾಡಿ ಎಂದು ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದ್ದರು. ಗಡಿಯಾರಮ್ಮ ಕೈಯೆತ್ತಿ ಮಣಿಕಟ್ಟನ್ನು ನನಗೆ ತೋರಿಸುತ್ತಿದ್ದಳು.

ಮೈಕಿಗೆ ಕೈ ಚಾಚಿದೆ. ಮೈಕ್ ಮೇಜಿನ ಮೇಲಿರಲಿಲ್ಲ.

ಮೇಷ್ಟ್ರು ಅದನ್ನು ಎತ್ತಿಕೊಂಡಿದ್ದರು. ಯಾವಾಗ ಬಂದರೋ, ನಮ್ಮ ಮಾತು ಎಷ್ಟು ಕೇಳಿಸಿಕೊಂಡರೋ ತಿಳಿಯಲಿಲ್ಲ. ಅವರ ದನಿ ಎಲ್ಲ ಧ್ವನಿವರ್ಧಕಗಳಿಂದ ಒಟ್ಟಿಗೆ ಹೊರಟಿತು.

"ಎಲ್ಲರೂ ಕೇಳಿ. ಈ ಗಟ್ಟಣ್ಣನನ್ನ ಮತ್ತೆ ಒಳಗೆ ಬಿಟ್ಟಿದ್ದಾರೆ. ನನ್ನ ಮಗಳ ರ‍್ಯಾಕೆಟ್ ಕತ್ತರಿಸಿದ್ದು ಇವನೇ. ಕೋಣೆಯಲ್ಲಿ ಕತ್ತರಿಸ್ತಾ ಇದ್ದದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

ಜನ ಹೋ ಎಂದರು. ಕಾರ್ಯದರ್ಶಿಯ ಮುಖ ಅರಳಿತು. ನನಗೆ ಆ ಮನುಷ್ಯನ ಕೆನ್ನೆಗೆ ಬಾರಿಸಬೇಕು ಎನಿಸಿತು. ಬಾರಿಸಿದ್ದರೂ ಪಶ್ಚಾತ್ತಾಪ ಪಡುತ್ತಿರಲಿಲ್ಲ.

ಗಟ್ಟಣ್ಣ ಅವರ ಜೊತೆ ವಾದಕ್ಕೆ ಇಳಿಯಲಿಲ್ಲ. ಪುಟ್ಟಿಯ ಕಡೆ ತಿರುಗಿದ.

"ನಿಮ್ಮಪ್ಪ ಹೇಳಿದ್ದು ನಿಜಾನಾ ತಾಯೀ?"

ಪುಟ್ಟಿ ಅಪ್ಪನನ್ನು ನೋಡಿದಳು. ಆಮೇಲೆ ಮುಂದಿನ ಸಾಲಿನ ಸೋಫಾವನ್ನು ನೋಡಿದಳು. ಅಂಪೈರಿನ ಎತ್ತರದ ಕುರ್ಚಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ನಿಜ ಅಲ್ಲ. ಅಪ್ಪ ನೋಡಿದ್ದು ನನ್ನನ್ನ. ಮೂರೂ ನಾನೇ ಕತ್ತರಿಸಿದ್ದು. ನನ್ನನ್ನ ಉಳಿಸೋಕೆ ಅವರು ಗಟ್ಟಣ್ಣನ ಹೆಸರು ಹೇಳ್ತಿದ್ದಾರೆ."

ಚಪ್ಪಾಳೆ ನಿಂತಿತು. ಅಕಾಡೆಮಿಯ ಮುಖ್ಯಸ್ಥರು ಜ್ಯೂಸಿನ ಲೋಟ ಕೆಳಗಿಟ್ಟು ಎದ್ದು ನಿಂತರು. ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಂದು, "ರೆಫರಿಯವರೇ, ಘೋಷಣೆ ಮಾಡಿ. ಹೊರಗೆ ಹಾಕಿ," ಎಂದು ಅವಸರಿಸಿದರು.

ಮೇಷ್ಟ್ರ ಬಾಯಿಂದ ಬರಬೇಕಾದ ಮಾತಿಗೆ ಕಾಯುತ್ತಾ ನಾನು ಅಲುಗಾಡಲಿಲ್ಲ. ಮೈಕ್ ಇನ್ನೂ ಮೇಷ್ಟ್ರ ಕೈಯಲ್ಲೇ ಇತ್ತು, ಆರಿಸಿರಲಿಲ್ಲ. ಅವರು ಎಳೆದು ಬಿಡುತ್ತಿದ್ದ ಉಸಿರು ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು.